ಅರಸರ ಬೇಸರಕ್ಕೆ ನಮ್ಮ ನೀರಾನೆ

ಸತ್ತ ಅರಸರಿಗೆ ಬೇಸರವಾಗುತ್ತದಂತೆ. ನಮ್ಮ ಊರಿನ ಗಂಡಸರು ಗುಡ್ಡದ ಹೊಟ್ಟೆಯಲ್ಲಿ ಅವರಿಗಾಗಿ ಕೊರೆದ ಸಮಾಧಿಯ ಗೋಡೆಗಳ ತುಂಬ ದೇವರುಗಳು, ಊಳಿಗದವರು, ಕಾವಲಿನವರು ಸಾಲುಗಟ್ಟಿ ನಿಂತಿದ್ದಾರೆ. ಅವರಲ್ಲಿ ಒಬ್ಬರೂ ನಗುವುದಿಲ್ಲ. ಇಂಥವರ ಮುಖ ನೋಡುತ್ತ ಪಾಪ ಅರಸರು ಒಬ್ಬರೇ ಹೇಗೆ ಮಲಗಿರುತ್ತಾರೆ ಎಂದು ಅರಮನೆಯಲ್ಲಿ ಯಾರೋ ಮಹಾನುಭಾವರಿಗೆ ಅನ್ನಿಸಿತಂತೆ. ಅದಕ್ಕೆ ನಮ್ಮ ಮನೆಮನೆಯ ಕಲ್ಲುಗಳನ್ನೂ ಅವರ ಜೊತೆ ಒಳಗಿಟ್ಟು ಬಾಗಿಲು ಮುಚ್ಚಬೇಕಂತೆ. ಈ ಸುದ್ದಿ ಕಿವಿಗೆ ಬಿದ್ದಾಗ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈಯಲ್ಲಿದ್ದ ಮುದ್ದೆಯನ್ನು ಎತ್ತಿ ಬಾಗಿಲ ಕಡೆ ಬೀಸಿದೆ. ಬಾಗಿಲಲ್ಲಿ ಸುದ್ದಿ ತಂದ ಪಕ್ಕದ ಮನೆಯ ಮಾಚವ್ವ ನಿಂತಿದ್ದಳು. ಮುದುಕಿ ಸಮಯಕ್ಕೆ ಸರಿಯಾಗಿ ತಲೆ ತಗ್ಗಿಸಿದ್ದರಿಂದ ಬಚಾವಾದಳು.

ನಮ್ಮ ಊರಿಗೆ ಬಾರದವರಿಗೆ ಕಲ್ಲು ಎಂದರೆ ಬರೀ ಕಲ್ಲು. ಗುಡ್ಡ ಕೊರೆಯುವಾಗ ಬೆಳ್ಳನೆಯ ಚಕ್ಕೆಗಳು ಬುಟ್ಟಿಗಟ್ಟಲೆ ಹೊರಬೀಳುತ್ತವೆ. ಒಳಗೆ ಹಗಲೆಲ್ಲ ದಾರ ಹಿಡಿದು, ದೇವರ ಮೂಗು ಇಷ್ಟೇ ಉದ್ದ, ಅರಸರ ಮೊಣಕಾಲು ಇಲ್ಲೇ ಬರಬೇಕು ಎಂದು ಅಳೆದೂ ಅಳೆದೂ ಬರೆಯುವ ನಮ್ಮವರು, ಊಟದ ಹೊತ್ತಿಗೆ ಹೊರಗೆ ಬಂದು ನೆರಳಲ್ಲಿ ಕೂತಾಗ ಕೈಗೆ ಸಿಕ್ಕ ಚಕ್ಕೆಯ ಮೇಲೆ ಮನಸ್ಸಿಗೆ ಬಂದ ಪ್ರಾಣಿಯನ್ನು ಗೀಚುತ್ತಾರೆ. ಕೊಳಲೂದುವ ಕೋತಿ, ಮೇಕೆ ಕಾಯುವ ನರಿ, ಬಾತುಗಳನ್ನು ಹೊಡೆದುಕೊಂಡು ಹೋಗುವ ಬೆಕ್ಕು. ಅಳತೆ ಹಿಡಿದು ಗೋಡೆಗೆ ಬರೆದದ್ದು ಬರೆದ ಹಾಗೇ ಇರುತ್ತದೆ. ಚಕ್ಕೆಯ ಮೇಲೆ ಗೀಚಿದ್ದಕ್ಕೆ ಮಾತ್ರ ಹಸಿವಾಗುತ್ತದೆ.

ಆದ್ದರಿಂದ ನಮ್ಮ ಊರಿನಲ್ಲಿ ಬೆಳಗೆದ್ದು ಮುಖ ತೊಳೆದ ಮೇಲೆ ಮೊದಲ ಕೆಲಸ ಮೇವು ಬರೆಯುವುದು. ಮೇಕೆಗೆ ನಾಲ್ಕು ಗೀಟು ಹುಲ್ಲು, ಬೆಕ್ಕಿಗೆ ಒಂದು ಮೀನು, ಕೋತಿಗೆ ಏನು ಬರೆದರೂ ನಡೆಯುತ್ತದೆ. ಬರೆದು ಆಚೆ ಹೋಗಿ ನೀರು ತಂದು ಬರುವಷ್ಟರಲ್ಲಿ ಹುಲ್ಲು ಇರುವುದಿಲ್ಲ. ಅವು ತಿನ್ನುವುದನ್ನು ಯಾರೂ ನೋಡಿಲ್ಲ. ನೋಡುತ್ತ ಕೂತರೆ ಅವೂ ನಮ್ಮನ್ನೇ ನೋಡುತ್ತ ಕೂತಿರುತ್ತವೆ. ಮೇವು ತಪ್ಪಿದರೆ ಬಣ್ಣ ಮಾಸುತ್ತದೆ, ಗೆರೆ ಸಣ್ಣದಾಗುತ್ತದೆ, ಕೊನೆಗೆ ಉಳಿಯುವುದು ಖಾಲಿ ಚಕ್ಕೆ. ಖಾಲಿ ಚಕ್ಕೆ ಇರುವ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ಕಲ್ಲಿಗೆ ಕಲ್ಲು ತಾಗಿದರೆ ಈ ಪ್ರಾಣಿಗಳು ಆಚೆಯ ಕಲ್ಲಿಗೆ ದಾಟಿ ಹೋಗುತ್ತವೆ. ಮರ, ಬಟ್ಟೆ, ಗಾರೆ ಇವನ್ನು ಮಾತ್ರ ದಾಟುವುದಿಲ್ಲ. ಹಾಗಾಗಿ ಎಲ್ಲರ ಮನೆಯಲ್ಲೂ ಕಲ್ಲನ್ನಿಡಲು ಒಂದು ಹಲಗೆ. ಆ ಹಲಗೆ ಹಿಂದಿನ ಗೋಡೆಯಿಂದ ದೂರ. ಯಾಕೆಂದರೆ ನಮ್ಮ ಮನೆಗಳಿಗೆ ಹಿಂದಿನ ಗೋಡೆ ಎಂದರೆ ಗುಡ್ಡವೇ. ಹಿಂದೊಮ್ಮೆ ಚಟ್ಟಯ್ಯನವರ ಸೊಸೆ ಕಸ ಗುಡಿಸುವಾಗ ಕಲ್ಲನ್ನು ಗೋಡೆಗೆ ಒರಗಿಸಿ ಮರೆತಳು. ಅದರಲ್ಲಿದ್ದ ಕತ್ತೆ ಗುಡ್ಡದೊಳಗೆ ಹೋದದ್ದೇ ಹೋಯಿತು. ಆ ಮನೆಯವರು ಇವತ್ತಿಗೂ ಆ ಸೊಸೆಯನ್ನು ಆಡಿಕೊಳ್ಳುತ್ತಾರೆ. ಗುಡ್ಡಕ್ಕೆ ಹೋದದ್ದು ಹಿಂದೆ ಬಂದದ್ದನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ.

ಇನ್ನು ನನ್ನ ಕಲ್ಲಿನ ವಿಷಯ. ನಾನು ಜಕ್ಕವ್ವ, ಮೈಯಲ್ಲಿ ದಪ್ಪ, ಬಾಯಲ್ಲಿ ಅದಕ್ಕಿಂತ ದಪ್ಪ ಎಂದು ಊರೆಲ್ಲ ಹೇಳುತ್ತದೆ. ನನ್ನ ಗಂಡ ಕೇತಣ್ಣ ಸಮಾಧಿಯ ಗೋಡೆಗಳಿಗೆ ಗಾರೆ ಹಚ್ಚುವವನು, ಕಪ್ಪಗೆ ಒಣಕಲು ಆಸಾಮಿ. ಮದುವೆಯಾದ ಹೊಸತರಲ್ಲಿ ನಾನು ಮುನಿಸಿಕೊಂಡು ಅತ್ತಿಮರದ ಕೆಳಗೆ ಕೂತಿದ್ದಾಗ ಒಂದು ಚಕ್ಕೆ ಬರೆದು ತಂದು ಮಡಿಲಿಗೆ ಹಾಕಿದ. ಅದರಲ್ಲಿ ಒಂದು ಅತ್ತಿಮರ, ಮರದ ಮೇಲೆ ಬುಟ್ಟಿ ಹಿಡಿದು ಹಣ್ಣು ಕೀಳುತ್ತ ಕೂತ ಒಂದು ಭಾರೀ ನೀರಾನೆ, ಕೆಳಗೆ ಮರಕ್ಕೆ ಏಣಿ ಹಾಕಿ ಹತ್ತುತ್ತಿರುವ ಒಂದು ಕಾಗೆ. ರೆಕ್ಕೆಯಿದ್ದೂ ಏಣಿ ಹತ್ತುವ ಕಾಗೆ ಯಾರು ಎಂದು ಕೇಳಬೇಕಾಗಿರಲಿಲ್ಲ. ಆ ನೀರಾನೆಯ ಹಿಂಭಾಗ ನೋಡಿ ನನಗೆ ಬಂದ ಸಿಟ್ಟಿಗೆ ಅವನನ್ನು ಬೆನ್ನಟ್ಟಿಕೊಂಡು ಹೋದೆ. ಆಮೇಲೆ ಇಬ್ಬರೂ ನಕ್ಕೆವು. ಕೇತಣ್ಣ ಹೋಗಿ ಬಹಳ ಕಾಲವಾಯಿತು. ಇದೇ ಅರಸರ ಇದೇ ಸಮಾಧಿಯ ಮಾಡು ಕುಸಿದು ಅವನ ಮೇಲೆ ಬಿತ್ತು. ಅಂದಿನಿಂದ ನಾನು ದಿನಾ ಬೆಳಿಗ್ಗೆ ಕೆಮ್ಮಣ್ಣು ಅರೆದು ಆ ಮರಕ್ಕೆ ಅತ್ತಿಹಣ್ಣು ಬರೆಯುತ್ತೇನೆ. ನೀರಾನೆ ಎಲ್ಲವನ್ನೂ ಒಬ್ಬಳೇ ಮುಕ್ಕುವುದಿಲ್ಲ, ಕಾಗೆಗೂ ಹಾಕುತ್ತಾಳೆ. ಕಾಗೆ ಕೇತಣ್ಣನ ಹಾಗೆಯೇ ಅರ್ಧ ತಿಂದು ಬಿಡುತ್ತದೆ. ಕಾಗೆ ಕೆಲವು ದಿನ ಏಣಿಯ ಕೆಳಗಿನ ಮೆಟ್ಟಿಲಲ್ಲಿರುತ್ತದೆ, ಕೆಲವು ದಿನ ಮೇಲಿನ ಮೆಟ್ಟಿಲಲ್ಲಿ. ಒಂದು ದಿನ ಮಾತ್ರ ಕೊಂಬೆಯ ಮೇಲೆ ನೀರಾನೆಯ ಪಕ್ಕದಲ್ಲೇ ಕೂತಿತ್ತು. ಅವತ್ತು ನನಗೆ ಅನ್ನ ಸೇರಲಿಲ್ಲ, ಸಂತೋಷಕ್ಕೆ.

ಈ ಕಲ್ಲನ್ನು ಅರಸರಿಗೆ ಕೊಡಬೇಕಂತೆ. ಗಂಡನನ್ನು ಕೊಟ್ಟದ್ದು ಸಾಲದೆ ಹೋಯಿತು.

ಇದನ್ನೆಲ್ಲ ಹಚ್ಚಿಕೊಟ್ಟವನು ಬೇರೆ ಯಾರಾದರೂ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಹಚ್ಚಿಕೊಟ್ಟವನು ನನ್ನ ಒಡಹುಟ್ಟಿದ ತಮ್ಮ ಬಾಚಣ್ಣ. ಅವನು ಸಮಾಧಿಯ ಕೆಲಸದವರಿಗೆಲ್ಲ ಮೇಸ್ತ್ರಿ. ಹೊಳೆಯ ಆಚೆ ದಂಡೆಯ ಅರಮನೆಯಿಂದ ಕೆಲಸ ನೋಡಲು ಬಂದ ಪಾರುಪತ್ಯಗಾರರನ್ನು ಊಟಕ್ಕೆ ಮನೆಗೆ ಕರೆದಿದ್ದ. ಅವನ ಮನೆಯ ಕಲ್ಲಿನಲ್ಲಿ ಒಂದು ಇಲಿ ಕುರ್ಚಿಯ ಮೇಲೆ ಗತ್ತಿನಿಂದ ಕೂತಿದೆ, ಒಂದು ಬೆಕ್ಕು ಅದಕ್ಕೆ ಬೀಸಣಿಗೆ ಬೀಸುತ್ತಿದೆ. ಆ ಇಲಿಯನ್ನು ಬಾಚಣ್ಣ ಬರೆದದ್ದೇ ಈ ಪಾರುಪತ್ಯಗಾರರನ್ನು ನೋಡಿ. ಮೀಸೆ ಕೂಡ ಹಾಗೆಯೇ ಇದೆ. ಅವರಿಗೆ ತಮ್ಮ ಗುರುತು ಸಿಗಲಿಲ್ಲ. ನೋಡಿದ್ದೇ ನೋಡಿದ್ದು, ನಕ್ಕದ್ದೇ ನಕ್ಕದ್ದು. ನಾನು ಹಿಟ್ಟಿನ ಕೈಯಲ್ಲೇ ತಮ್ಮನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಕುಂಚದ ಜೊಂಡು ಜಜ್ಜುತ್ತಿದ್ದ.

“ನಕ್ಕರು ಅಕ್ಕಾ,” ಅಂದ. “ಅಂಥಾ ದೊಡ್ಡ ಮನಷ್ಯಾರು ನಮ್ಮನ್ಯಾಗ ಕುಂತು ಹೊಟ್ಟಿ ಹಿಡಕೊಂಡು ನಕ್ಕರು. ನನಗೂ ಖುಷಿ ಆತು. ಇಂಥಾವು ಊರಾಗ ಇನ್ನೂ ಅದಾವೇನು ಅಂತ ಕೇಳಿದ್ರು. ಮನಿಗೊಂದು ಅದಾವ್ರೀ ಅಂದೆ.”

“ಮನಿಗೊಂದು ಅದಾವ ಅಂದಿ. ಅವಕ್ಕ ಹೊಟ್ಟಿನೂ ಐತಿ ಅಂತ ಹೇಳಲಿಲ್ಲೇನು?”

“ಹೇಳಿದೆ. ಅದಕ್ಕೂ ನಕ್ಕರು.”

“ಮತ್ತ ನೀ?”

ಅವನು ಜೊಂಡು ಜಜ್ಜುವುದನ್ನು ನಿಲ್ಲಿಸಲಿಲ್ಲ. “ನಾನೂ ನಕ್ಕೆ,” ಅಂದ.

ಅವನ ಹೆಂಡತಿ ಕಾಳಲೆ ಒಳಗಿನಿಂದ ಬಂದು ನನಗೆ ಕೂರಲು ಚಾಪೆ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಬಾಯಿಗೆ ಬಂದಂತೆ ಬೈದೆ. ಅವನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಕೈಗೆ ಆ ದಿನ ಕೆಲಸ ಕೊಡಬೇಕು ಅನ್ನಿಸಿತು. ಅವನು ಎಲ್ಲವನ್ನೂ ಕೇಳಿಸಿಕೊಂಡು, “ಅಪ್ಪಣೆ ಆಗೈತಿ ಅಕ್ಕಾ, ಇನ್ನೇನ್ ಮಾಡ್ಲಿ,” ಅಂದ. ಈ ಅಪ್ಪಣೆಯೊಂದು. ಅದಕ್ಕೆ ಕೈಕಾಲು ಕೊಟ್ಟು ಊರೊಳಗೆ ನಡೆಸಿಕೊಂಡು ಬಂದವನೇ ನಿಂತು ಏನು ಮಾಡಲಿ ಎಂದು ಕೇಳುತ್ತಾನೆ.

ಪಾರುಪತ್ಯಗಾರರು ಒಂದು ದಿನ ಊರ ಬಾವಿಯ ಹತ್ತಿರ ಎಲ್ಲರನ್ನೂ ಸೇರಿಸಿದರು. ತೆಳ್ಳನೆಯ ಬಿಳಿ ಬಟ್ಟೆ, ಕೈಯಲ್ಲೊಂದು ಬೆತ್ತ, ಮಾತು ಮಾತ್ರ ಬೆಣ್ಣೆ. ನಮ್ಮ ಊರಿಗೆ ಎಂಥ ಭಾಗ್ಯ ಬಂದಿದೆ ಎಂದು ಬಹಳ ಹೊತ್ತು ವಿವರಿಸಿದರು. ಪ್ರತಿ ಮನೆಯವರೂ ತಮ್ಮ ಕಲ್ಲನ್ನು ತಾವೇ ಸಮಾಧಿಯೊಳಗೆ ತಂದು ಒಪ್ಪಿಸಬೇಕು, ಗೋಡೆಯಲ್ಲಿ ಅದಕ್ಕೊಂದು ಗೂಡು ಕೊರೆದಿರುತ್ತದೆ, ಅದರಲ್ಲಿ ಗಾರೆ ಹಾಕಿ ಭದ್ರವಾಗಿ ಕೂರಿಸುತ್ತಾರೆ, ಕಲ್ಲು ಎಂದೆಂದಿಗೂ ಅಲ್ಲೇ ಇರುತ್ತದೆ. ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ಮಾಚವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ.

“ಒಳಗ ಮೇವು ಬರಿಯೋರು ಯಾರ್ರೀ?” ಎಂದು ಕೇಳಿದೆ.

“ಓಹೋ, ಆ ಕಥೆ. ಬಾಚಣ್ಣ ಹೇಳಿದ. ಬಹಳ ಸೊಗಸಾಗಿದೆ,” ಎಂದರು. “ಒಪ್ಪಿಸುವ ದಿನ ಹೊಟ್ಟೆ ತುಂಬ ತಿನ್ನಿಸಿಬಿಡಮ್ಮ.”

“ಮರುದಿನ?”

“ಮರುದಿನದಿಂದ ಅವು ಅರಸರವು.”

“ಅರಸರವು ಖರೇ. ಆದ್ರ ಅರಸರು ಎದ್ದು ಹುಲ್ಲು ಬರೀತಾರೇನ್ರೀ? ಅವರಿಗೆ ಹಸಿವಿ ಆಗಬಾರದು ಅಂತ ಗ್ವಾಡಿ ತುಂಬ ರೊಟ್ಟಿ ಬರಸೀರಿ, ಬಾತು ಬರಸೀರಿ, ದ್ರಾಕ್ಷಿ ಬರಸೀರಿ. ಸತ್ತೋರ ಹೊಟ್ಟಿ ನಿಮಗ ಕಾಣತೈತಿ. ಇವುಗಳ ಹೊಟ್ಟಿ ಯಾಕ ಕಾಣವಲ್ಲದು?”

ಹಿಂದೆ ನಿಂತಿದ್ದವರಲ್ಲಿ ಯಾರೋ ಹೂಂ ಅಂದರು. ಪಾರುಪತ್ಯಗಾರರಿಗೆ ಸಿಟ್ಟು ಬರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ತಂಟೆ ಮಾಡುವ ಮಗುವನ್ನು ನೋಡುವ ಹಾಗೆ ನೋಡಿದರು. “ಅಳುತ್ತ ಕೊಟ್ಟದ್ದನ್ನು ಅರಸರಿಗೆ ಒಪ್ಪಿಸುವುದು ಅಪಶಕುನ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. “ಆ ದಿನ ಎಲ್ಲರೂ ನಗುನಗುತ್ತ ಬರಬೇಕು. ನಗದವರನ್ನು ಬಾಗಿಲಲ್ಲೇ ತಡೆದು, ನಗುವವರೆಗೂ ನಿಲ್ಲಿಸಲಾಗುತ್ತದೆ.”

ಕೊಡಿ ಎಂದು ಕಸಿದುಕೊಂಡರೆ ಅದು ಕಸಿದುಕೊಂಡದ್ದು, ಅಷ್ಟೇ. ಕಸಿದುಕೊಳ್ಳುವಾಗ ಹಲ್ಲು ಕಿರಿದು ನಿಲ್ಲಿ ಎನ್ನುವುದಕ್ಕೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅಂಥ ಬೈಗುಳ ನಮ್ಮ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ತಮ್ಮನ ಹತ್ತಿರ ಮತ್ತೆ ಹೋದೆ. ಅದೇ ಅಳತೆಯ ಬೇರೆ ಚಕ್ಕೆ ಆರಿಸಿ, ದಾರ ಹಿಡಿದು ಚೌಕ ಹಾಕಿ, ಗೋಡೆಗೆ ಬರೆಯುವ ಹಾಗೆ ಒಂದು ನೀರಾನೆ, ಒಂದು ಮರ, ಒಂದು ಕಾಗೆ ಬರೆದುಕೊಡು ಅಂದೆ. ಅಳತೆಗೆ ಬರೆದದ್ದಕ್ಕೆ ಹಸಿವಾಗುವುದಿಲ್ಲವಲ್ಲ, ಅದನ್ನೇ ಅರಸರಿಗೆ ಕೊಟ್ಟರಾಯಿತು. ಬಾಚಣ್ಣನಿಗೂ ಈ ಯೋಚನೆ ಹಿಡಿಸಿತು. ಬರೆದ. ನಿಜ ಹೇಳಬೇಕೆಂದರೆ ಕೇತಣ್ಣ ಗೀಚಿದ್ದಕ್ಕಿಂತ ಅಚ್ಚುಕಟ್ಟಾಗಿ ಬರೆದ. ಕಾಗೆಯ ಒಂದೊಂದು ಗರಿಯೂ ಎಣಿಸುವ ಹಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಪಾರುಪತ್ಯಗಾರರ ಮುಂದಿಟ್ಟೆ, ನಗುನಗುತ್ತಲೇ. ಅವರು ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೇರ ಮಾಡಿ ನೋಡಿದರು.

“ಇದು ಬೇಡಮ್ಮ,” ಎಂದರು. “ಇದರಲ್ಲಿ ಜೀವವಿಲ್ಲ. ನಿನ್ನ ಮನೆಯ ಹಲಗೆಯ ಮೇಲಿದೆಯಲ್ಲ, ಅದನ್ನೇ ತಾ.”

ಜೀವವಿಲ್ಲವಂತೆ! ಹಸಿವೆಂದರೆ ಕಥೆ, ಮೇವೆಂದರೆ ಕಥೆ, ಬೇಡುವಾಗ ಮಾತ್ರ ಜೀವ ಇರುವುದೇ ಬೇಕು. ಅಲ್ಲಿಂದ ಮನೆಗೆ ಬರುವವರೆಗೂ ದಾರಿಯಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. ಎಲ್ಲರೂ ಅಯ್ಯೋ ಅಂದರು, ತಲೆಯಾಡಿಸಿದರು, ತಮ್ಮ ತಮ್ಮ ಮನೆಯೊಳಗೆ ಹೋದರು. ಸಿಟ್ಟು ನನ್ನೊಬ್ಬಳಿಗೇ ಬಂದಿತ್ತು ಎಂದಲ್ಲ. ಆದರೆ ನಮ್ಮ ಜನರ ಸಿಟ್ಟು ಹೊಸ್ತಿಲು ದಾಟುವುದಿಲ್ಲ, ನಮ್ಮ ಪ್ರಾಣಿಗಳು ಹಲಗೆ ದಾಟದ ಹಾಗೆ.

ಊರಿಗೆ ಮೇಲ್ಪಂಕ್ತಿಯಾಗಲಿ ಎಂದು ಬಾಚಣ್ಣ ತನ್ನ ಕಲ್ಲನ್ನು ಎಲ್ಲರಿಗಿಂತ ಮುಂಚೆಯೇ ತೆಗೆದುಕೊಂಡು ಹೋಗಿ ಗೋಡೆಯ ಮೊದಲ ಗೂಡಿನಲ್ಲಿ ಗಾರೆ ಹಾಕಿ ಕೂರಿಸಿದ. ಅರಸರ ವಸ್ತುವಿಗೆ ಕುಂಚ ತಾಗಿಸುವ ಹಾಗಿಲ್ಲವೆಂದು ಪಾರುಪತ್ಯಗಾರರು ಅಲ್ಲೇ ಹೇಳಿದರಂತೆ. ಇವನು ದಿನಾ ಅದರ ಮುಂದೆಯೇ ಕೆಲಸ ಮಾಡುತ್ತಾನೆ, ಕೈಯಲ್ಲಿ ಕುಂಚ, ಪಕ್ಕದಲ್ಲಿ ಬಣ್ಣದ ಬಟ್ಟಲು. ಒಂದು ಮೀನು ಬರೆಯಲು ಎಷ್ಟು ಹೊತ್ತು ಬೇಕು? ಬರೆಯಲಿಲ್ಲ. ಕಾಳಲೆ ಒಂದು ಮಧ್ಯಾಹ್ನ ನನ್ನ ಮನೆಗೆ ಬಂದು ಕಣ್ಣೀರು ಹಾಕಿದಳು.

“ಉಣ್ಣಾಕ ಕುಂತ್ರ ತುತ್ತು ಬಾಯಿಗೆ ಹೋಗವಲ್ಲದು ಅಕ್ಕಾ ಅವರಿಗೆ. ಬೆಕ್ಕು ಬಾಳ ಸೊರಗೈತಿ ಅಂತಾರ. ಕೇಳಿದ್ರ ಸುಮ್ಮನ ಎದ್ದು ಹೋಗ್ತಾರ.”

“ಸೊರಗಲಿ ಬಿಡು,” ಅಂದೆ. ಬೆಕ್ಕಿಗೆ ಅಂದದ್ದಲ್ಲ.

ಒಪ್ಪಿಸುವ ದಿನ ಬಂದೇ ಬಂತು. ಆಚೆ ದಂಡೆಯಿಂದ ಅರಸರ ದೇಹ ದೋಣಿ ಹತ್ತಿದೆ, ಇಳಿಹೊತ್ತಿಗೆ ಗುಡ್ಡಕ್ಕೆ ಬರುತ್ತದೆ, ಬಂದ ಕೂಡಲೇ ಒಳಗಿಟ್ಟು ಬಾಗಿಲು ಮುಚ್ಚುತ್ತಾರೆ, ಅಷ್ಟರೊಳಗೆ ಕಲ್ಲುಗಳೆಲ್ಲ ಗೂಡು ಸೇರಬೇಕು ಎಂದು ಬೆಳಗಿನಿಂದಲೇ ಗಡಿಬಿಡಿ. ನಾನು ಆ ದಿನ ಮರ ಬಾಗುವಷ್ಟು ಹಣ್ಣು ಬರೆದೆ. ನೀರು ತರುವ ನೆಪದಲ್ಲಿ ಹೊರಗೆ ಹೋಗಿ ಬಂದೆ. ಅರ್ಧಕ್ಕರ್ಧ ಹಾಗೇ ಇದ್ದವು. ಅವಕ್ಕೂ ತಿನ್ನುವ ಮನಸ್ಸಿರಲಿಲ್ಲ. ಕಾಗೆ ಏಣಿಯ ಮೇಲೆ ಇರಲಿಲ್ಲ, ನೀರಾನೆಯ ಕಾಲ ಹತ್ತಿರ ಮುದುರಿ ಕೂತಿತ್ತು. ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಎದೆಗೆ ಒತ್ತಿಕೊಂಡು ಹೊರಟೆ.

ಗುಡ್ಡದ ದಾರಿಯುದ್ದಕ್ಕೂ ಹೆಂಗಸರ ಸಾಲು. ಎಲ್ಲರ ಮಡಿಲಲ್ಲೂ ಒಂದೊಂದು ಗಂಟು. ಸಮಾಧಿಯ ಬಾಯಲ್ಲಿ ಪಾರುಪತ್ಯಗಾರರು ಕುರ್ಚಿ ಹಾಕಿಸಿಕೊಂಡು ಕೂತು ಒಬ್ಬೊಬ್ಬರ ಮುಖವನ್ನೂ ನೋಡಿ ಒಳಗೆ ಬಿಡುತ್ತಿದ್ದರು. ಮಾಚವ್ವನ ತುಟಿ ಎಷ್ಟು ಎಳೆದರೂ ನಗುವಾಗಲಿಲ್ಲ. ಹಲ್ಲಿಲ್ಲದ ಬಾಯಿ, ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವರಿಗೂ ತಿಳಿಯಲಿಲ್ಲ, ಬಿಟ್ಟರು. ನನ್ನ ಸರದಿ ಬಂದಾಗ ನಾನು ಅಷ್ಟೂ ಹಲ್ಲು ತೋರಿಸಿದೆ. ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, “ಹೋಗು, ಹೋಗು,” ಎಂದರು.

ಒಳಗೆ ದೀಪಗಳನ್ನು ಹಚ್ಚಿದ್ದರು. ನಾನು ಅಲ್ಲಿಗೆ ಕಾಲಿಟ್ಟದ್ದು ಕೇತಣ್ಣನನ್ನು ಹೊರತಂದ ದಿನ, ಆಮೇಲೆ ಇದೇ. ಆಗ ಗೋಡೆ ಬರಿದಾಗಿತ್ತು. ಈಗ ಕಣ್ಣು ಹಾಯಿಸಿದಲ್ಲೆಲ್ಲ ತಿನ್ನುವುದು, ಉಣ್ಣುವುದು. ರೊಟ್ಟಿಯ ರಾಶಿ, ಕಾಲು ಕಟ್ಟಿದ ಬಾತುಗಳು, ಗೊಂಚಲು ಗೊಂಚಲು ದ್ರಾಕ್ಷಿ, ಆಳೆತ್ತರದ ಗೋಧಿಯ ಹೊಲ. ಅದರ ಕೆಳಗೆ ನಮ್ಮ ಕಲ್ಲುಗಳಿಗೆ ಸಾಲಾಗಿ ಗೂಡುಗಳು. ಬಾಚಣ್ಣ ಕರಣಿ ಹಿಡಿದು ಮಂಡಿಯೂರಿ ಕೂತು, ಒಂದೊಂದು ಗೂಡಿಗೂ ದಪ್ಪಗೆ ಗಾರೆ ಮೆತ್ತಿ ಕಲ್ಲನ್ನು ಒತ್ತಿ ಕೂರಿಸುತ್ತಿದ್ದ. ಕಲ್ಲು ಕೊಟ್ಟವರು ಕೊಟ್ಟಾದ ಮೇಲೂ ಹೋಗದೆ ಎದುರು ಗೋಡೆಗೆ ಒತ್ತಿ ನಿಂತಿದ್ದರು.

ನಾನು ಮೊದಲ ಗೂಡನ್ನು ನೋಡಿದೆ. ತಮ್ಮನ ಮನೆಯ ಬೆಕ್ಕು ನನಗೆ ಗೊತ್ತಿರುವ ಬೆಕ್ಕು. ಅವರು ಎಲ್ಲಿಗಾದರೂ ಹೋದಾಗ ಅದಕ್ಕೆ ಮೀನು ಬರೆದವಳು ನಾನೇ. ಕೊಬ್ಬಿದ ಕಂದು ಬೆಕ್ಕು. ಈಗ ಅದರ ಬಣ್ಣ ಗಂಜಿಯ ತಿಳಿಯಷ್ಟೂ ಇರಲಿಲ್ಲ. ಪಕ್ಕೆಲುಬಿನ ಗೆರೆಗಳು ಎದ್ದು ಕಾಣುತ್ತಿದ್ದವು. ಬೀಸಣಿಗೆ ಕೆಳಗೆ ಬಿದ್ದಿತ್ತು. ಇಲಿ ಕುರ್ಚಿ ಬಿಟ್ಟು ಕಲ್ಲಿನ ಒಂದು ಮೂಲೆಯಲ್ಲಿ ಗೋಲಿಯಂತೆ ಮುದುಡಿಕೊಂಡಿತ್ತು. ಬೆಕ್ಕು ಅದರ ಕಡೆ ಬೆನ್ನು ತಿರುಗಿಸಿ ಕೂತಿತ್ತು. ಅಷ್ಟು ಹಸಿವಿನಲ್ಲೂ ಇಲಿಯನ್ನು ಮುಟ್ಟಿರಲಿಲ್ಲ. ಕಲ್ಲಿನ ಬೆಕ್ಕಿಗಿರುವ ಮರ್ಯಾದೆ ಕುರ್ಚಿಯಲ್ಲಿ ಕೂತವರಿಗಿಲ್ಲ.

“ಕೊಡು ಅಕ್ಕಾ,” ಎಂದು ಬಾಚಣ್ಣ ಕೈ ಚಾಚಿದ. ಮುಖ ಎತ್ತಲಿಲ್ಲ. ನನ್ನ ಗೂಡಿಗೆ ಆಗಲೇ ಗಾರೆ ಹಾಕಿದ್ದ.

“ಗಾರಿ ತಗಿ,” ಅಂದೆ.

“ಏನು?”

“ಗೂಡಿನಾಗಿನ ಗಾರಿ ತಗಿ. ಬರೇ ಕಲ್ಲಿಗೆ ಕಲ್ಲು ತಾಗಬೇಕು.”

ಅವನಿಗೆ ತಕ್ಷಣ ಅರ್ಥವಾಯಿತು. ದೀಪದ ಬೆಳಕಿನಲ್ಲೂ ಮುಖ ಬಿಳಚಿಕೊಂಡದ್ದು ಕಾಣಿಸಿತು. “ಗುಡ್ಡಕ್ಕ ಹೊಕ್ಕಾವ ಅಕ್ಕಾ,” ಎಂದು ಪಿಸುಗುಟ್ಟಿದ. “ಹೋದ್ರ ಮುಗೀತು. ಚಟ್ಟಯ್ಯನ ಕತ್ತೆ ಮರೆತಿಯೇನು? ಮತ್ತ ನಿನ್ನ ಕಣ್ಣಿಗೆ ಬೀಳೂದಿಲ್ಲ ಅವು.”

“ಬೀಳೂದು ಬ್ಯಾಡ. ನನ್ನ ಕಣ್ಣಿಗೆ ಬೀಳಲಿ ಅಂತ ಸಾಕೀನೇನು ನಾನು? ಹೊಟ್ಟಿಗಿಲ್ಲದ ಇಲ್ಲೇ ಕುಂತು ಸಾಯೂದು ಬ್ಯಾಡ. ಎಲ್ಲ್ಯರೆ ಹೋಗಿ ಬದುಕಲಿ.”

“ಅವರು ಬೆತ್ತದಲೆ ಬಡದು ನೋಡ್ತಾರ. ಕಲ್ಲು ಅಳ್ಳಾಡಿದ್ರ ನನ್ನ ಕೈ ಕಡೀತಾರ.”

“ಕಡೀಲಿ,” ಅಂದೆ. ಅವನ ಕೈ ಹಿಡಿದು ನಡೆಯಲು ಕಲಿಸಿದವಳು ನಾನು. ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. “ಒಂದ್ ಮೀನು ಬರೀಲಾರದ ಕೈ ಇದ್ದರೇನು, ಹೋದರೇನು ಬಾಚಾ.”

ಅವನು ಮೊದಲ ಗೂಡಿನ ಕಡೆ ನೋಡಲಿಲ್ಲ, ಆದರೆ ಅದನ್ನೇ ಯೋಚಿಸುತ್ತಿದ್ದ ಎಂದು ನನಗೆ ಗೊತ್ತು. ಆಮೇಲೆ ಕರಣಿಯನ್ನು ಕೆಳಗಿಟ್ಟು ಹೆಬ್ಬೆರಳಿನಿಂದ ಗೂಡಿನ ಗಾರೆಯನ್ನು ಕೆರೆದು ತೆಗೆದ. ಒಳಗಿನ ಬಂಡೆ ಬೆಳ್ಳಗೆ ಕಾಣಿಸಿತು. ನಾನು ಬಗ್ಗಿ ಕಲ್ಲನ್ನು ಅದಕ್ಕೆ ತಾಗಿಸಿ ಇಟ್ಟೆ. ಅಲುಗದಿರಲಿ ಎಂದು ಸುತ್ತ ಸಣ್ಣ ಸಣ್ಣ ಚಕ್ಕೆ ತುರುಕಿದೆ. ಗಾರೆಯವನ ಹೆಂಡತಿಗೆ ಇಷ್ಟೂ ಬಾರದಿದ್ದರೆ ಹೇಗೆ? ಅಂಚಿಗೆ ಮಾತ್ರ ಬಾಚಣ್ಣ ತೆಳುವಾಗಿ ಗಾರೆ ಸವರಿ ನುಣುಪು ಮಾಡಿದ. ನೋಡಿದವರಿಗೆ ಉಳಿದ ಗೂಡುಗಳ ಹಾಗೆಯೇ ಕಾಣಿಸುತ್ತಿತ್ತು. ನೀರಾನೆ ಮರದ ಮೇಲಿನಿಂದ ನನ್ನನ್ನು ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ, ಕಾಗೆಯ ಕಡೆ ನೋಡಿದೆ.

ನನಗಿಂತ ಮುಂಚೆ ಒಳಗೆ ಬಂದಿದ್ದರೂ ಕಲ್ಲು ಕೊಡಲು ಮನಸ್ಸಾಗದೆ ಮಾಚವ್ವ ನನ್ನ ಹಿಂದೆ ಸರಿದು ನಿಂತಿದ್ದಳು. ಅವಳ ಕಲ್ಲಿನಲ್ಲಿ ಕೊಳಲೂದುವ ಕೋತಿ. ಎಲ್ಲವನ್ನೂ ಕಂಡಿದ್ದ ಮುದುಕಿ ಗಂಟು ಬಿಚ್ಚುತ್ತ, “ನಂದೂ ಹಂಗ ಇಡೋ ತಮ್ಮಾ,” ಅಂದಳು. ಅವಳ ಹಿಂದಿನವಳು ಬಾಯಲ್ಲಿ ಹೇಳಲೂ ಇಲ್ಲ, ತಾನೇ ಬಗ್ಗಿ ಗೂಡಿನ ಗಾರೆಯನ್ನು ಬೆರಳಿನಿಂದ ತೆಗೆದಳು. ಆಗಲೇ ಕೊಟ್ಟಾಗಿದ್ದವರು ಎದುರು ಗೋಡೆಯಿಂದ ಮುಂದೆ ಬಂದರು. ಹಸಿ ಗಾರೆ ತೆಗೆಯುವುದು ಕಷ್ಟವಲ್ಲ. ಬಾಚಣ್ಣ ಒಬ್ಬೊಬ್ಬರದನ್ನೂ ಬಿಚ್ಚಿ ಮತ್ತೆ ಕೂರಿಸಿದ. ಮೊದಲ ಗೂಡಿನ ಗಾರೆ ಮಾತ್ರ ಒಣಗಿ ಗಟ್ಟಿಯಾಗಿತ್ತು. ಅದನ್ನು ಉಳಿಯಿಂದ ಬಿಡಿಸುವಾಗ ಕಾಳಲೆ ಬಂದು ಕಲ್ಲು ಬೀಳದಂತೆ ಹಿಡಿದುಕೊಂಡಳು. ಕಲ್ಲು ಹೊರಗೆ ಬಂದಾಗ ಅವನು ಬಟ್ಟಲಿನಲ್ಲಿ ಕುಂಚ ಅದ್ದಿ ಬೆಕ್ಕಿನ ಮುಂದೆ ಒಂದು ಮೀನು ಬರೆದ. ಬರೆದು, ಅರಸರ ವಸ್ತುವಿಗೆ ಕುಂಚ ತಾಗಿಸಿದ ತಪ್ಪನ್ನು ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ಊರಿಗೆ ಊರೇ ನೋಡಿತ್ತು.

ಪಾರುಪತ್ಯಗಾರರು ಕೊನೆಗೆ ಒಳಗೆ ಬಂದು ಒಂದೊಂದು ಕಲ್ಲನ್ನೂ ಬೆತ್ತದಿಂದ ತಟ್ಟಿ ನೋಡಿದರು. ಒಂದೂ ಅಲುಗಲಿಲ್ಲ. ನೀರಾನೆಯ ಮುಂದೆ ನಿಂತು ಇನ್ನೊಮ್ಮೆ ನಕ್ಕರು. ಆ ನಗುವನ್ನು ಗಂಟು ಕಟ್ಟಿ ಅದೇ ಗೂಡಿನಲ್ಲಿಟ್ಟು ಗಾರೆ ಮೆತ್ತಬೇಕು ಅನ್ನಿಸಿತು. ಇಳಿಹೊತ್ತಿಗೆ ಅರಸರು ಬಂದರು, ಅವರನ್ನು ಒಳಗಿಟ್ಟರು, ಬಾಗಿಲಿಗೆ ಬಂಡೆ ಕೂರಿಸಿ ಮುದ್ರೆ ಒತ್ತಿದರು. ಪಾರುಪತ್ಯಗಾರರು ದೋಣಿ ಹತ್ತಿ ಹೋದರು. ಹೋಗುವಾಗ ನಮ್ಮ ಊರಿನವರ ಭಕ್ತಿಯನ್ನು ಹೊಗಳಿದರಂತೆ.

ಆಮೇಲೆ ಊರಿನ ಬೆಳಗುಗಳು ಹೇಗಿದ್ದವೆಂದು ಹೇಳುವುದು ಕಷ್ಟ. ಎಲ್ಲರ ಮನೆಯ ಹಲಗೆಯೂ ಬರಿದು. ಅಭ್ಯಾಸಕ್ಕೆ ಎದ್ದು ಬಣ್ಣ ಅರೆದು, ಅರೆದ ಮೇಲೆ ನೆನಪಾಗಿ, ಬಟ್ಟಲನ್ನು ಹಿಡಿದುಕೊಂಡು ಹಾಗೇ ನಿಲ್ಲುವುದು. ನಾನು ಮೊದಲ ದಿನ ಹಾಗೆ ನಿಂತೆ. ಮರುದಿನ ಹಾಗೆ ನಿಲ್ಲಲು ನನ್ನ ಸಿಟ್ಟು ಬಿಡಲಿಲ್ಲ. ಹಿಂದಿನ ಗೋಡೆಗೆ, ಎಂದೂ ಏನನ್ನೂ ತಾಗಿಸದ ಆ ಗುಡ್ಡದ ಬಂಡೆಗೆ, ಕೈಗೆಟಕುವಷ್ಟು ಎತ್ತರದಲ್ಲಿ ಒಂದು ಕೊಂಬೆ ಬರೆದು ಅದರ ತುಂಬ ಅತ್ತಿಹಣ್ಣು ಬರೆದೆ. ಸಂಜೆಗೂ ಹಾಗೇ ಇದ್ದವು. ಮರುದಿನವೂ ಹಾಗೇ ಇದ್ದವು. ಬಣ್ಣ ಒಣಗಿ ಉದುರಿದಾಗ ಮತ್ತೆ ಬರೆದೆ. ನನ್ನನ್ನು ನೋಡಿ ಮಾಚವ್ವ ತನ್ನ ಗೋಡೆಗೆ ಏನೇನೋ ಬರೆದಳು, ಕೋತಿಗೆ ಏನಾದರೂ ನಡೆಯುತ್ತದಲ್ಲ. ಬಾಚಣ್ಣನ ಮನೆಯಲ್ಲಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮೀನು. ಅವನು ನನ್ನ ಮನೆಗೆ ಬರುವುದನ್ನು ಬಿಟ್ಟಿದ್ದ. ನಾನೂ ಕರೆಯಲಿಲ್ಲ. ಗೋಡೆ ನೋಡಿಕೊಂಡು ಬಂದ ಕಾಳಲೆ, “ಒಂದೂ ಮುಟ್ಟಿಲ್ಲ ಅಕ್ಕಾ,” ಎಂದು ಹೇಳಿ ಹೋಗುತ್ತಿದ್ದಳು.

ದಿನ ಕಳೆದಂತೆ ಒಬ್ಬೊಬ್ಬರಾಗಿ ಬರೆಯುವುದನ್ನು ಬಿಟ್ಟರು. ನನಗೂ ಹೇಳಿದರು, ಬಿಡು ಜಕ್ಕವ್ವ, ಹೋದದ್ದು ಹೋಯಿತು, ಬಣ್ಣ ಯಾಕೆ ಹಾಳು ಮಾಡುತ್ತಿ ಎಂದು. ಬಿಡು ಎಂದು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಈ ದಿನ ಬೆಳಿಗ್ಗೆ ಹಣ್ಣು ಬರೆದು ಬಾವಿಗೆ ಹೋದೆ. ಬಾವಿಯ ಹತ್ತಿರ ಯಾರೊಂದಿಗೋ ಜಗಳವಾಗಿ ಬರುವುದು ತಡವಾಯಿತು. ಬಂದು ಕೊಡ ಇಳಿಸಿ ಗೋಡೆಯನ್ನು ನೋಡಿದರೆ ಕೊಂಬೆ ಬರಿದಾಗಿತ್ತು. ಕೆಳಗಿನವು ತೊಟ್ಟಿನ ಸಮೇತ ಇರಲಿಲ್ಲ. ನೀರಾನೆ ತೊಟ್ಟು ಉಗುಳುವವಳಲ್ಲ. ಮೇಲಿನ ತುದಿಯಲ್ಲಿ ಎರಡು ಹಣ್ಣು ಮಾತ್ರ ಉಳಿದಿದ್ದವು. ಎರಡನ್ನೂ ಅರ್ಧರ್ಧ ಕುಕ್ಕಿ ಬಿಡಲಾಗಿತ್ತು. ಅರ್ಧ ತಿಂದು ಬಿಡುವುದು ಅವನ ಹಳೆಯ ಕೆಟ್ಟ ಚಾಳಿ. ನಾನು ಬಂಡೆಗೆ ಎರಡೂ ಕೈ ಒತ್ತಿ ಹುಡುಕಿದೆ, ಮೇಲೆ ಕೆಳಗೆ, ಒಲೆಯ ಹಿಂದೆ, ಸೂರಿನ ಅಂಚಿನಲ್ಲಿ. ಒಂದು ಗರಿಯೂ ಕಾಣಲಿಲ್ಲ. ಬಂದು, ತಿಂದು, ಹೋಗಿಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಇಷ್ಟ್ ದಿನ ಕಾಯಿಸಿ, ಕಳ್ಳರಂಗ ಬಂದು ತಿಂದು ಹೋಗೀದಿ,” ಎಂದು ಓಣಿಯವರೆಲ್ಲ ಎದ್ದು ಬರುವಂತೆ ಕೂಗಿದೆ. “ನಾ ಬರೂ ಮಟ ಕುಂಡ್ರಾಕ ಏನಾಗಿತ್ತೋ ನಿನಗ?”

ಮಾಚವ್ವ, ಕಾಳಲೆ, ಕಾಳಲೆಯ ಹಿಂದೆ ಬಾಚಣ್ಣ ಎಲ್ಲರೂ ಬಾಗಿಲಲ್ಲಿ ಬಂದು ನಿಂತರು. ಯಾರನ್ನು ಬೈಯುತ್ತಿದ್ದೇನೆ ಎಂದು ಯಾರೂ ಕೇಳಲಿಲ್ಲ. ಗೋಡೆ ನೋಡಿದ ಬಾಚಣ್ಣ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮುಖ ಒರೆಸಿಕೊಂಡ, ಒಂದೇ ಸಮನೆ ಒರೆಸಿಕೊಂಡ, ಆಮೇಲೆ ತನ್ನ ಮನೆಯ ಕಡೆ ಓಡಿದ. ನಾನು ಬೈಯುತ್ತಲೇ ಇದ್ದೆ, ಗಂಟಲು ಒಣಗುವವರೆಗೂ ಬೈದೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ನಾಳೆಯ ಹಣ್ಣಿಗೆ ಕೆಮ್ಮಣ್ಣು ಅರೆಯಲು ಕೂತೆ.